ಕಾಲವೇ ಹಾಗಿತ್ತು ಎನ್ನುವ ಮೊದಲು

(ಮಡಿಕೇರಿಯಲ್ಲಿ ನೀತಿಚಿಂತನೆಯ ಚರಿತ್ರೆಯ ಬಗ್ಗೆ ಆಡಿದ ಮಾತಿನ ಬರಹ ರೂಪ. ಬಾಯಿಮಾತಿನಲ್ಲಿ ಬಂದ ಪುನರುಕ್ತಿಗಳನ್ನು ತೆಗೆದಿದ್ದೇನೆ. ಸಭಿಕರು ಕೇಳಿದ ಎರಡು ಪ್ರಶ್ನೆಗಳನ್ನು ಕೊನೆಯಲ್ಲಿ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇಷ್ಟು ಮಳೆಯಲ್ಲೂ ಬಂದು ಕೂತಿದ್ದೀರಿ, ಅದೂ ನೀತಿಶಾಸ್ತ್ರ ಕೇಳಲಿಕ್ಕೆ. ನಿಮ್ಮ ಧೈರ್ಯ ಮೆಚ್ಚಬೇಕು.

ನೀತಿ ಅಂದರೆ ನಮಗೆಲ್ಲ ಮೊದಲು ಕಣ್ಣಿಗೆ ಬರುವುದು ಶಾಲೆಯ ಗೋಡೆ. ಸತ್ಯವನ್ನೇ ನುಡಿ, ಗುರುಹಿರಿಯರನ್ನು ಗೌರವಿಸು, ಕೊಟ್ಟ ಮಾತಿಗೆ ತಪ್ಪಬೇಡ. ಬಣ್ಣ ಮಾಸಿದರೆ ಹೆಡ್‌ಮಾಸ್ಟರು ಪುನಃ ಬರೆಸುತ್ತಾರೆ, ಒಕ್ಕಣೆ ಮಾತ್ರ ಅದೇ. ಈ ಗೋಡೆಬರಹವೇ ನೀತಿಚಿಂತನೆಯ ಚರಿತ್ರೆ ಅಂತಾದರೆ ಅದರಷ್ಟು ಬೇಜಾರಿನ ಚರಿತ್ರೆ ಇನ್ನೊಂದಿಲ್ಲ. ನನಗೆ ರುಚಿಸುವುದು ಈ ಸಾಲುಗಳು ಒಂದಕ್ಕೊಂದು ಡಿಕ್ಕಿ ಹೊಡೆದ ಜಾಗಗಳು. ಕೊಟ್ಟ ಮಾತು ಉಳಿಸಿಕೊಳ್ಳಲು ಸ್ವಂತ ಅಣ್ಣನ ತಲೆ ಕಡಿಯಬೇಕಾಗಿ ಬಂದರೆ ಏನು ಮಾಡಬೇಕು?

ಇದು ನಾನು ಕಟ್ಟಿದ್ದಲ್ಲ, ಮಹಾಭಾರತದ ಕರ್ಣಪರ್ವದಲ್ಲಿದೆ. ಕರ್ಣನ ಬಾಣಗಳಿಂದ ನುಜ್ಜುಗುಜ್ಜಾದ ಧರ್ಮರಾಯ ಬಿಡಾರ ಸೇರಿದ್ದಾನೆ. ನೋಡಿಕೊಂಡು ಹೋಗಲು ಅರ್ಜುನ ಬರುತ್ತಾನೆ. ಕರ್ಣನನ್ನು ಕೊಂದೇ ಬಂದ ಅಂತ ಅಣ್ಣನ ಎಣಿಕೆ. ಇನ್ನೂ ಕೊಂದಿಲ್ಲ ಅಂತ ಗೊತ್ತಾದ ಕೂಡಲೇ ಸಿಟ್ಟು ನೆತ್ತಿಗೇರಿ, ಆ ಗಾಂಡೀವವನ್ನು ಬೇರೆ ಯಾರಿಗಾದರೂ ಕೊಟ್ಟುಬಿಡು ಅನ್ನುತ್ತಾನೆ. ಅರ್ಜುನನಿಗೋ ಒಂದು ಗುಟ್ಟಿನ ಪ್ರತಿಜ್ಞೆ ಇದೆ: ಹಾಗಂದವನ ತಲೆ ತೆಗೆಯುತ್ತೇನೆ ಅಂತ. ಕತ್ತಿ ಒರೆಯಿಂದ ಹೊರಗೆ ಬರುತ್ತದೆ. ಇಲ್ಲಿ ಕೊಲ್ಲಬೇಕಾದವರು ಯಾರೂ ಕಾಣಿಸುತ್ತಿಲ್ಲವಲ್ಲ, ಕತ್ತಿ ಯಾಕೆ ಹಿರಿದೆ ಅಂತ ಕೃಷ್ಣ ಕೇಳುತ್ತಾನೆ. ಆಮೇಲೆ ಕೌಶಿಕ ಎಂಬ ತಪಸ್ವಿಯ ಕಥೆ ಹೇಳುತ್ತಾನೆ.

ಕೌಶಿಕನಿಗೆ ಸತ್ಯ ನುಡಿಯುವ ವ್ರತ. ದರೋಡೆಕೋರರಿಗೆ ಹೆದರಿ ಓಡಿಬಂದ ಜನ ಅವನಿದ್ದಲ್ಲಿಯ ಕಾಡಿಗೆ ನುಗ್ಗಿ ಅಡಗುತ್ತಾರೆ. ಬೆನ್ನಟ್ಟಿ ಬಂದವರು ಅವನನ್ನೇ ಕೇಳುತ್ತಾರೆ. ಕೌಶಿಕ ನಿಜ ಹೇಳುತ್ತಾನೆ. ಅವರು ಹೋಗಿ ಎಲ್ಲರನ್ನೂ ಕೊಲ್ಲುತ್ತಾರೆ. ಸತ್ಯವಂತ ಕೌಶಿಕ ನರಕಕ್ಕೆ ಹೋಗುತ್ತಾನೆ.

ಈಗ ಯುರೋಪಿಗೆ ಬನ್ನಿ. 1797ರಲ್ಲಿ ಜರ್ಮನಿಯ ಇಮ್ಯಾನ್ಯುಯೆಲ್ ಕಾಂಟ್ ಒಂದು ಸಣ್ಣ ಪ್ರಬಂಧ ಬರೆದ. ನಿಮ್ಮ ಗೆಳೆಯ ನಿಮ್ಮ ಮನೆಯಲ್ಲಿ ಅಡಗಿದ್ದಾನೆ. ಅವನನ್ನು ಕೊಲ್ಲಲು ಬಂದವನು ಬಾಗಿಲಲ್ಲಿ ನಿಂತು, ಒಳಗಿದ್ದಾನಾ ಅಂತ ಕೇಳುತ್ತಾನೆ. ಸುಳ್ಳು ಹೇಳಬಹುದೇ? ಬೆಂಜಮಿನ್ ಕಾನ್‌ಸ್ಟಂಟ್ ಎಂಬಾತ, ಹೇಳಬಹುದು, ಕೊಲೆಗಾರನಿಗೆ ಸತ್ಯ ಕೇಳುವ ಹಕ್ಕೇ ಇಲ್ಲ ಅಂದಿದ್ದ. ಕಾಂಟ್ ಒಪ್ಪಲಿಲ್ಲ. ಸುಳ್ಳು ಹೇಳಿದ ಮೇಲೆ ಅದರಿಂದ ಆಗುವುದಕ್ಕೆಲ್ಲ ನೀನೇ ಹೊಣೆ. ನಿಜ ಹೇಳಿದರೆ ನಿನ್ನ ಕರ್ತವ್ಯ ಮಾಡಿದ ಹಾಗಾಯಿತು ಅಂದ. ಕಾಂಟ್ ಬಹಳ ದೊಡ್ಡವನು, ಅವನ ಮುಂದೆ ನಾವೆಲ್ಲ ಯಾವ ಲೆಕ್ಕ. ಆದರೂ ಈ ಪ್ರಬಂಧದಲ್ಲಿ ಅವನು ಕೌಶಿಕನ ಪಕ್ಕದಲ್ಲೇ ಹೋಗಿ ಕೂತ ಅಂತ ನನ್ನ ಅಭಿಪ್ರಾಯ.

ನೋಡಿ, ನಮ್ಮದು ಕರ್ತವ್ಯದ ಸಂಸ್ಕೃತಿ, ಅವರದ್ದು ಲಾಭನಷ್ಟದ ಸಂಸ್ಕೃತಿ ಅಂತ ಭಾಷಣಗಳಲ್ಲಿ ಹೇಳುವುದುಂಟು. ಇಲ್ಲಿ ಎಲ್ಲ ತಿರುಗುಮುರುಗು. ಪರಿಣಾಮ ನೋಡು ಅಂತ ಹೇಳಿದವನು ಕೃಷ್ಣ, ನಿಯಮ ಬಿಡಬೇಡ ಅಂತ ಹಟ ಹಿಡಿದವನು ಜರ್ಮನಿಯ ಪ್ರೊಫೆಸರ್. ಪೂರ್ವ, ಪಶ್ಚಿಮ ಅಂತ ಗೆರೆ ಎಳೆಯಲು ಹೊರಟರೆ ಗೆರೆ ಎಲ್ಲಿಯೂ ನಿಲ್ಲುವುದಿಲ್ಲ. ಒಂದೊಂದು ಪರಂಪರೆಯ ಒಳಗೇ ಈ ಜಗಳ ಇದೆ.

ಅಂದ ಹಾಗೆ ಅರ್ಜುನನ ಪ್ರತಿಜ್ಞೆ ಏನಾಯಿತು? ಕೃಷ್ಣ ಉಪಾಯ ಹೇಳಿದ: ಹಿರಿಯನನ್ನು ಏಕವಚನದಲ್ಲಿ ಕರೆದು ಅವಮಾನಿಸಿದರೆ ಕೊಂದ ಹಾಗೆಯೇ. ಅರ್ಜುನ ಅಣ್ಣನನ್ನು ಬಾಯಿಗೆ ಬಂದಂತೆ ಬೈದ. ಬೈದ ಮೇಲೆ ಪಶ್ಚಾತ್ತಾಪವಾಗಿ ತನ್ನನ್ನೇ ಕೊಂದುಕೊಳ್ಳಲು ಹೊರಟ. ಅದಕ್ಕೂ ಮದ್ದಿತ್ತು, ಆತ್ಮಪ್ರಶಂಸೆ ಆತ್ಮಹತ್ಯೆಗೆ ಸಮ, ನಿನ್ನನ್ನು ನೀನೇ ಹೊಗಳಿಕೋ ಅಂದ. ಹಾಗೆ ನೋಡಿದರೆ ನಮ್ಮ ಸಭೆ ಸಮಾರಂಭಗಳಲ್ಲಿ ವೇದಿಕೆಯ ಮೇಲೆ ದಿನಾ ಎಷ್ಟು ಜನ ಸಾಯುತ್ತಾರೋ!

ಕನ್ನಡದಲ್ಲಿ ಕೊಟ್ಟ ಮಾತಿನ ಕಥೆ ಅಂದರೆ ಪುಣ್ಯಕೋಟಿ. ಕಣ್ಣೀರು ಹಾಕದೆ ಅದನ್ನು ಕಲಿತವರು ಯಾರೂ ಇಲ್ಲ. ಕೌಶಿಕನಿಗೂ ಪುಣ್ಯಕೋಟಿಗೂ ಏನು ವ್ಯತ್ಯಾಸ? ಕೌಶಿಕನ ಸತ್ಯಕ್ಕೆ ಬೇರೆಯವರು ಪ್ರಾಣ ತೆತ್ತರು. ಪುಣ್ಯಕೋಟಿ ತನ್ನ ಪ್ರಾಣವನ್ನೇ ಕೊಡಲು ಹೊರಟಳು. ನಮಗೆ ಒಬ್ಬ ನರಕಕ್ಕೆ ಹೋದದ್ದೂ ಇನ್ನೊಬ್ಬಳು ಪೂಜ್ಯಳಾದದ್ದೂ ಸರಿ ಅನ್ನಿಸುವುದು ಅದಕ್ಕೇ. ಆದರೆ ಆ ಹಾಡಿನಲ್ಲೇ ಒಂದು ಕರು ಇದೆ. ನಾನು ಯಾರ ಹಾಲು ಕುಡಿಯಲಿ, ಯಾರ ಹತ್ತಿರ ಮಲಗಲಿ ಅಂತ ಅದು ಕೇಳುತ್ತದೆ. ತಾಯಿಯ ಸತ್ಯಕ್ಕೆ ಕರುವೂ ಬೆಲೆ ತೆರಬೇಕು. ಆ ಪ್ರಶ್ನೆಯನ್ನು ಹಾಡು ಕಟ್ಟಿದವರು ಮುಚ್ಚಿಡಲಿಲ್ಲ, ಕರುವಿನ ಬಾಯಲ್ಲೇ ಇಟ್ಟರು. ನಾವು ಮಾತ್ರ ಮಕ್ಕಳಿಗೆ ಹೇಳಿಕೊಡುವಾಗ ಅದನ್ನು ಬರೀ ದುಃಖದ ಜಾಗ ಮಾಡಿ ಮುಂದೆ ಹೋಗುತ್ತೇವೆ. ಅದು ವಾದದ ಜಾಗ.

ಇವತ್ತು ಹೇಳಬೇಕೆಂದು ಬಂದದ್ದು ಇಷ್ಟೇ. ಯಾವ ಕಾಲದಲ್ಲೂ ಯಾವ ಸಮಾಜದಲ್ಲೂ ಒಪ್ಪಿತವಾದ ನೀತಿಯ ಎದುರಿಗೆ ಪ್ರಶ್ನೆ ಎತ್ತಿದವರು ಅದೇ ಊರಲ್ಲಿ, ಅದೇ ಭಾಷೆಯಲ್ಲಿ ಇದ್ದರು. ಹಾಗಾಗಿ ಹಳೆಯ ಅನ್ಯಾಯವೊಂದನ್ನು ಕಂಡಾಗ, ಕಾಲವೇ ಹಾಗಿತ್ತು ಅಂತ ಬಾಯಿ ಮುಚ್ಚಿಸುವ ಮೊದಲು ಸ್ವಲ್ಪ ಹುಡುಕಬೇಕು.

ಅರಿಸ್ಟಾಟಲನನ್ನೇ ತೆಗೆದುಕೊಳ್ಳಿ. ಕ್ರಿಸ್ತಪೂರ್ವ 384ರಲ್ಲಿ ಹುಟ್ಟಿದವನು. ಒಳ್ಳೆಯತನ ಉಪದೇಶದಿಂದ ಬರುವುದಿಲ್ಲ, ರೂಢಿಯಿಂದ ಬರುತ್ತದೆ ಅಂದವನು. ದುಡಿ ಬಾರಿಸುತ್ತ ಬಾರಿಸುತ್ತಲೇ ಕೈ ಪಳಗುವ ಹಾಗೆ, ನ್ಯಾಯವಾಗಿ ನಡೆದು ನಡೆದೇ ಮನುಷ್ಯ ನ್ಯಾಯವಂತ ಆಗುತ್ತಾನೆ. ನನಗೆ ಇದಕ್ಕಿಂತ ಉಪಯೋಗಕ್ಕೆ ಬರುವ ಮಾತನ್ನು ನೀತಿಶಾಸ್ತ್ರದಲ್ಲಿ ಬೇರೆ ಯಾರೂ ಹೇಳಿಲ್ಲ. ಇದೇ ಅರಿಸ್ಟಾಟಲ್ ತನ್ನ ರಾಜಕೀಯಶಾಸ್ತ್ರದಲ್ಲಿ ಕೆಲವರು ಹುಟ್ಟಿನಿಂದಲೇ ಗುಲಾಮರು ಅಂತ ವಾದ ಮಾಡುತ್ತಾನೆ. ಪಾಪ, ಆ ಕಾಲದ ಗ್ರೀಸಿನಲ್ಲಿ ಎಲ್ಲರೂ ಹಾಗೇ ಅಂದುಕೊಂಡಿದ್ದರು ಅಂತ ಸಮಜಾಯಿಷಿ ಕೊಡಬಹುದಿತ್ತು. ಕೊಡಲು ಬಿಡದೆ ಇರುವವನು ಸ್ವತಃ ಅರಿಸ್ಟಾಟಲ್. ಅದೇ ಅಧ್ಯಾಯಗಳಲ್ಲಿ ಅವನು ಬರೆಯುತ್ತಾನೆ: ಒಡೆತನ ಪ್ರಕೃತಿಗೆ ವಿರುದ್ಧ, ಒಬ್ಬ ಗುಲಾಮ ಇನ್ನೊಬ್ಬ ಸ್ವತಂತ್ರ ಆದದ್ದು ಬರೀ ಕಾನೂನಿನಿಂದ, ಅದು ಬಲಾತ್ಕಾರ, ಆದ್ದರಿಂದ ಅನ್ಯಾಯ ಎನ್ನುವವರೂ ಇದ್ದಾರೆ ಅಂತ. ಅಂದರೆ ಆ ಮಾತು ಅವನ ಕಿವಿಗೆ ಬಿದ್ದಿತ್ತು. ಕೇಳಿಸಿಕೊಂಡು, ಯೋಚಿಸಿ, ತಳ್ಳಿಹಾಕಿದ. ಆ ‘ಎನ್ನುವವರ’ ಹೆಸರನ್ನು ಅವನು ಕೊಡಲಿಲ್ಲ.

ಗ್ರೀಸು ದೂರದ್ದು ಅಂತ ನಾವು ಆರಾಮಾಗಿ ಕೂರುವ ಹಾಗಿಲ್ಲ. ಕೊಡಗಿನಲ್ಲಿ ಜಮ್ಮದಾಳುಗಳು ಅಂತ ಇದ್ದರು, ತಲೆತಲಾಂತರದಿಂದ ಇನ್ನೊಬ್ಬರ ಗದ್ದೆಯಲ್ಲಿ ದುಡಿಯಲೇಬೇಕಾದವರು. 1834ರಲ್ಲಿ ಕೊಡಗು ಕಂಪನಿ ಸರಕಾರದ ಕೈಗೆ ಹೋಯಿತು. 1843ರ ಕಾಯ್ದೆಯ ಪ್ರಕಾರ ಕಂಪನಿಯ ನ್ಯಾಯಾಲಯಗಳು ಗುಲಾಮರ ಮೇಲಿನ ಹಕ್ಕನ್ನು ಮಾನ್ಯ ಮಾಡುವುದನ್ನು ನಿಲ್ಲಿಸಿದವು. 1854ರಲ್ಲಿ ಫೌಲರ್ ಎಂಬ ಇಂಗ್ಲಿಷಿನವನು ಮಡಿಕೇರಿಯಲ್ಲಿ ಕಾಫಿ ತೋಟ ಮಾಡಿದ, ಆಮೇಲೆ ತೋಟಗಳು ಸಾಲುಸಾಲಾಗಿ ಬಂದವು. ತೋಟಕ್ಕೆ ಆಳು ಬೇಕು. ಆಳು ಹಿಡಿಯುವ ಹೊಸ ವಿಧಾನ ಮುಂಗಡ. ಮುಂಗಡ ತೆಗೆದುಕೊಂಡು ಕೆಲಸಕ್ಕೆ ಬಾರದವನನ್ನು ಜೈಲಿಗೆ ಹಾಕಬಹುದು ಅಂತ 1859ರಲ್ಲಿ ಒಂದು ಕಾಯ್ದೆ ಬಂತು. ಗಮನಿಸಿ, ಇಲ್ಲಿ ಗುಲಾಮಗಿರಿ ಎಂಬ ಮಾತೇ ಇಲ್ಲ. ಇರುವುದು ‘ಕೊಟ್ಟ ಮಾತಿಗೆ ತಪ್ಪಬೇಡ’. ಶಾಲೆಯ ಗೋಡೆಯ ಸಾಲೇ ಕಾಯ್ದೆಯಾಗಿ ಬಂತು.

ಹಸಿದವನು ಕೊಟ್ಟ ಮಾತು ಎಷ್ಟರ ಮಟ್ಟಿಗೆ ಮಾತು? ಈ ಪ್ರಶ್ನೆಯನ್ನು ಈ ಕಾಯ್ದೆಗೆ ನೂರು ವರ್ಷ ಮೊದಲು, 1748ರಲ್ಲಿ, ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್ ಎತ್ತಿದ್ದ. ಒಂದು ದೇಶದಲ್ಲಿ ಇರುವವನು ಅಲ್ಲಿಯ ಸರಕಾರಕ್ಕೆ ಒಪ್ಪಿಗೆ ಕೊಟ್ಟ ಹಾಗೆಯೇ, ಬೇಡವಾದರೆ ಬಿಟ್ಟು ಹೋಗಬಹುದಿತ್ತಲ್ಲ ಎನ್ನುವವರಿಗೆ ಅವನು ಉತ್ತರ ಕೊಡುತ್ತಿದ್ದ. ಬೇರೆ ಭಾಷೆ ಗೊತ್ತಿಲ್ಲದ, ಅಂದಂದಿನ ಕೂಲಿಯಲ್ಲಿ ಅಂದಂದಿಗೆ ಬದುಕುವ ಬಡ ರೈತ ಬಿಟ್ಟು ಹೋಗಲು ಸ್ವತಂತ್ರ ಅಂತ ಹೇಗೆ ಹೇಳುತ್ತೀರಿ? ನಿದ್ದೆಯಲ್ಲಿದ್ದಾಗ ಹಡಗಿಗೆ ಹೊತ್ತು ಹಾಕಿ, ನಡುಗಡಲಲ್ಲಿ, ನೀನು ಹಾರಿಲ್ಲ, ಅಂದ ಮೇಲೆ ಕಪ್ತಾನನನ್ನು ಒಪ್ಪಿದ್ದೀ ಅಂದ ಹಾಗಾಯಿತು ಅದು. ಕಾಯ್ದೆ ಬರೆದವರ ದೇಶದಲ್ಲೇ, ಅವರ ಭಾಷೆಯಲ್ಲೇ ಈ ಮಾತು ಅಚ್ಚಾಗಿ ಕೂತಿತ್ತು. ನಮ್ಮ ದೇಶದಲ್ಲಿ ಜೀತ ಪದ್ಧತಿಯನ್ನು ರದ್ದು ಮಾಡುವ ಕಾಯ್ದೆ ಬಂದದ್ದು 1976ರಲ್ಲಿ. ತೋಟದ ಲೈನ್‌ಮನೆಗಳ, ಅಂದರೆ ಆಳುಗಳ ಸಾಲುಮನೆಗಳ, ಮುಂಗಡದ ಲೆಕ್ಕದ ಪುಸ್ತಕಗಳನ್ನು ನೋಡಿದವರು ಈ ಸಭೆಯಲ್ಲೇ ಇದ್ದೀರಿ, ನಾನು ಹೆಚ್ಚು ಹೇಳಬೇಕಾಗಿಲ್ಲ.

ಅಶೋಕನ ಬಗ್ಗೆ ಎರಡು ಮಾತು. ಅವನ ಶಾಸನ ಬ್ರಹ್ಮಗಿರಿಯಲ್ಲಿದೆ ಅಂದಾಗ ನಮ್ಮ ಹುಡುಗರು ತಲಕಾವೇರಿಯ ಮೇಲೆ ಅಂದುಕೊಳ್ಳುತ್ತಾರೆ. ಅದು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ. ತಂದೆತಾಯಿಯ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆ ಇರಬೇಕು, ಸತ್ಯ ನುಡಿಯಬೇಕು ಅಂತ ಅಲ್ಲಿ ಕೆತ್ತಿಸಿದ್ದಾನೆ, ಕರ್ನಾಟಕದ ಮೊದಲ ಗೋಡೆಬರಹ ಅನ್ನಿ. ಕಳಿಂಗದಲ್ಲಿ 1,00,000 ಜನ ಸತ್ತರು, 1,50,000 ಜನರನ್ನು ಸೆರೆಹಿಡಿದು ಸಾಗಿಸಿದರು, ನನಗೆ ಪಶ್ಚಾತ್ತಾಪವಾಗಿದೆ ಅಂತ ಹೇಳುವುದು 13ನೇ ಶಿಲಾಶಾಸನ. ಗೆದ್ದ ರಾಜನೊಬ್ಬ ಹೀಗೆ ಕಲ್ಲಿನಲ್ಲಿ ಬರೆಸಿದ್ದು ಅಪರೂಪ. ಆದರೆ ಕಳಿಂಗದಲ್ಲೇ, ಧೌಲಿಯಲ್ಲಿ ಮತ್ತು ಜೌಗಢದಲ್ಲಿ, ಆ ಶಾಸನವನ್ನು ಹಾಕಿಸಲಿಲ್ಲ. ಕ್ಷಮೆ ಕೇಳಬೇಕಾದವರನ್ನು ಬಿಟ್ಟು ಉಳಿದವರಿಗೆಲ್ಲ ಕೇಳಿಸಿದ ಪಶ್ಚಾತ್ತಾಪ. ಅದೇ ಶಾಸನದಲ್ಲಿ ಕಾಡಿನ ಜನರಿಗೆ ಒಂದು ಎಚ್ಚರಿಕೆಯೂ ಇದೆ: ನಾನು ಮರುಗಿದ್ದರೂ ನನ್ನಲ್ಲಿ ಶಕ್ತಿ ಇದೆ, ಸರಿಯಾಗಿರಿ ಅಂತ. 2016ರ ಡಿಸೆಂಬರಿನಲ್ಲಿ ನಮ್ಮ ಕೊಡಗಿನ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲು ಕಿತ್ತಾಗ ನನಗೆ ಈ ಸಾಲು ನೆನಪಾಯಿತು.

ಈಗ ನನಗೆ ಬಹಳ ಇಷ್ಟವಾದ ಭಾಗ. ಜನ್ನ 1209ರಲ್ಲಿ ಯಶೋಧರ ಚರಿತೆ ಬರೆದ, ಹೊಯ್ಸಳರ ಆಸ್ಥಾನದಲ್ಲಿ. ಉಜ್ಜಯಿನಿಯ ರಾಜ ಯಶೋಧರ. ಹೆಂಡತಿ ಅಮೃತಮತಿ ಮಾವುತನೊಬ್ಬನ ಹಾಡಿಗೆ ಸೋತದ್ದನ್ನು ಕಣ್ಣಾರೆ ಕಂಡಿದ್ದಾನೆ. ತಾಯಿ ಚಂದ್ರಮತಿಗೆ ಅದನ್ನು ಹೇಳಲಾರ. ಕೆಟ್ಟ ಕನಸು ಬಿತ್ತು ಅನ್ನುತ್ತಾನೆ. ಹಾಗಾದರೆ ದೇವಿಗೆ ಪ್ರಾಣಿ ಬಲಿ ಕೊಡೋಣ ಅಂತ ತಾಯಿ. ಕೊಲ್ಲಲಾರೆ ಅಂತ ಮಗ. ಕೊನೆಗೆ ತಾಯಿ ಒಂದು ರಾಜಿ ಸೂತ್ರ ತರುತ್ತಾಳೆ: ಜೀವ ಇರುವ ಕೋಳಿ ಬೇಡ, ಹಿಟ್ಟಿನ ಕೋಳಿ ಸಾಕು. ಹಿರಿಯರ ಮಾತು ತೆಗೆದುಹಾಕುವುದು ಹೇಗೆ? ಯಶೋಧರ ಒಪ್ಪುತ್ತಾನೆ. ಬಣ್ಣ ಹಚ್ಚಿದ ಹಿಟ್ಟಿನ ಕೋಳಿಯ ಮೇಲೆ ಕತ್ತಿ ಬೀಳುತ್ತದೆ. ಕೋಳಿ ಕೂಗುತ್ತದೆ.

ಆ ಕೂಗು ಕನ್ನಡ ಕಾವ್ಯದಲ್ಲಿ ನನ್ನನ್ನು ಬೆಚ್ಚಿಬೀಳಿಸುವ ಜಾಗ. ಯಾರೂ ಸತ್ತಿಲ್ಲ. ರಕ್ತ ಬಂದಿಲ್ಲ. ಹಿಟ್ಟು ಹಿಟ್ಟೇ. ಆದರೂ ಕೊಂದ ಕೈ ಕೊಂದ ಕೈಯೇ ಅಂತ ಜನ್ನ ಹೇಳುತ್ತಾನೆ, ಯಾಕೆಂದರೆ ಸಂಕಲ್ಪ ಕೊಲ್ಲುವುದಾಗಿತ್ತು. ಮುಂದೆ ತಾಯಿ ಮಗ ಇಬ್ಬರೂ ಅಮೃತಮತಿ ಇಟ್ಟ ವಿಷದಿಂದ ಸತ್ತು, ಒಬ್ಬ ನವಿಲಾಗಿ ಒಬ್ಬಳು ನಾಯಿಯಾಗಿ ಶುರುಮಾಡಿ ಜನ್ಮದ ಮೇಲೆ ಜನ್ಮ ನರಳುತ್ತಾರೆ. ಒಂದು ಹಿಟ್ಟಿನ ಕೋಳಿಗೆ ಇಷ್ಟು ಶಿಕ್ಷೆ ಜಾಸ್ತಿಯಾಯಿತು ಅಂತಲೇ ನನ್ನ ಮಾತು. ಆದರೆ ಪ್ರಶ್ನೆ ಬಹಳ ದೊಡ್ಡದು. 1789ರಲ್ಲಿ ಇಂಗ್ಲೆಂಡಿನ ಜೆರೆಮಿ ಬೆಂಥಮ್ ಹಾಕಿದ ಸುಖದುಃಖದ ಲೆಕ್ಕದಲ್ಲಿ, ಯಾರಿಗೂ ನೋವಾಗದ ಮೇಲೆ ಹಿಟ್ಟಿನ ಕೋಳಿಯ ಬಾಬ್ತು ಸೊನ್ನೆ. 1785ರಲ್ಲಿ ಕಾಂಟ್ ಹೇಳಿದ ಪ್ರಕಾರ, ಯಾವ ಷರತ್ತೂ ಇಲ್ಲದೆ ಒಳ್ಳೆಯದೆನ್ನಬಹುದಾದದ್ದು ಒಳ್ಳೆಯ ಸಂಕಲ್ಪ ಒಂದೇ. ಯುರೋಪು ಇನ್ನೂರು ವರ್ಷ ಎಳೆದಾಡಿದ ಹಗ್ಗದ ಎರಡೂ ತುದಿ ಚಂದ್ರಮತಿಯ ಮತ್ತು ಯಶೋಧರನ ಕೈಯಲ್ಲಿವೆ.

ಜೈನ ಚಿಂತನೆ ನಮಗೆ ಹೊರಗಿನದಲ್ಲ. ಶನಿವಾರಸಂತೆಯ ಹತ್ತಿರ ಮುಳ್ಳೂರಿಗೆ ಹೋಗಿ, ಕೊಂಗಾಳ್ವರ ಕಾಲದ, 11ನೇ ಶತಮಾನದ ಬಸದಿಗಳು ನಿಂತಿವೆ. ಇನ್ನೊಂದು ಕಡೆ ನಮ್ಮ ಅಯ್ಯಪ್ಪನ ದೇವರಕಾಡುಗಳಲ್ಲಿ ಮಣ್ಣಿನ ನಾಯಿಗಳಿವೆ. ಹರಕೆ ಹೊತ್ತವರು ತಂದಿಟ್ಟದ್ದು. ಮರದ ಬುಡದಲ್ಲಿ ಒಂದರ ಮೇಲೊಂದು, ಹಾವಸೆ ಹಿಡಿದು, ಕೆಲವಕ್ಕೆ ಕಿವಿ ಮುರಿದು, ಕೆಲವಕ್ಕೆ ಕಾಲಿಲ್ಲದೆ, ಎಲ್ಲ ಮುಖ ಮೇಲೆತ್ತಿಕೊಂಡು. ಬೇಟೆಯ ದೇವರಿಗೆ ಜೊತೆಗಾರರಾಗಿ ಬಂದ ನಾಯಿಗಳು. ಅವೂ ಗೊಂಬೆ, ಚಂದ್ರಮತಿಯ ಕೋಳಿಯೂ ಗೊಂಬೆ. ಇಲ್ಲಿ ಯಾರೂ ಕತ್ತಿ ಎತ್ತುವುದಿಲ್ಲ, ಆದ್ದರಿಂದ ಯಾವ ನಾಯಿಯೂ ಕೂಗುವುದಿಲ್ಲ. ಜನ್ನನ ವಾದವನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಜಾಗ ನನಗೆ ಬೇರೆ ಸಿಕ್ಕಿಲ್ಲ.

ಮುಂಗಡದ ಕಾಯ್ದೆಯಲ್ಲಿ ಒತ್ತಾಯದ ಒಂದು ರೂಪ ನೋಡಿದೆವು. ಇನ್ನೊಂದು ರೂಪ ಉಪವಾಸ. 1934ರಲ್ಲಿ ಗಾಂಧೀಜಿ ಹರಿಜನ ನಿಧಿಗಾಗಿ ಕೊಡಗಿಗೆ ಬಂದಿದ್ದರು. ಸುಂಟಿಕೊಪ್ಪದ ಕಡೆಯ ತೋಟದಲ್ಲಿದ್ದ, ಆಗಿನ್ನೂ 21ರ ಆಸುಪಾಸಿನ ಕೊಡಗಿನ ಗೌರಮ್ಮ, ಗಾಂಧೀಜಿ ತಮ್ಮ ಮನೆಗೆ ಬರಲೇಬೇಕು ಅಂತ ಉಪವಾಸ ಕೂತರು. ಗಾಂಧೀಜಿ ಬಂದರು. ಗೌರಮ್ಮ ಮೈಮೇಲಿನ ಒಡವೆಗಳನ್ನು ನಿಧಿಗೆ ಕೊಟ್ಟರು. ಈ ಕಥೆಯನ್ನು ಹೆಮ್ಮೆಯಿಂದ ಹೇಳುತ್ತೇವೆ, ಹೇಳಬೇಕಾದದ್ದೇ. ಆದರೆ ಉಪವಾಸ ಮಾಡಿ ಒಬ್ಬರನ್ನು ಮಣಿಸುವುದು ಬಲಾತ್ಕಾರವೋ ಅಲ್ಲವೋ? ಪ್ರೀತಿ ಇರುವವರ ಎದುರಿಗೆ ಮಾತ್ರ, ಅವರನ್ನು ತಿದ್ದಲು ಉಪವಾಸ ಮಾಡಬಹುದು, ಹಕ್ಕು ಕಿತ್ತುಕೊಳ್ಳಲು ಕೂಡದು ಅಂತ ಗಾಂಧೀಜಿಯೇ ಮೊದಲು ಬರೆದಿದ್ದರು. ಗೌರಮ್ಮನವರ ಉಪವಾಸ ಆ ನಿಯಮಕ್ಕೆ ಹೆಚ್ಚುಕಡಿಮೆ ಒಗ್ಗುತ್ತದೆ. ಅದಕ್ಕೆ ಹಿಂದೆ, 1932ರ ಸೆಪ್ಟೆಂಬರಿನಲ್ಲಿ, ದಲಿತರಿಗೆ ಪ್ರತ್ಯೇಕ ಮತಕ್ಷೇತ್ರ ಬೇಡ ಅಂತ ಯರವಾಡ ಜೈಲಿನಲ್ಲಿ ಗಾಂಧೀಜಿ ಮಾಡಿದ ಉಪವಾಸ ಒಗ್ಗುತ್ತದೆಯೇ ಎಂಬುದು ಕಷ್ಟದ ಪ್ರಶ್ನೆ. ಪೂನಾ ಒಪ್ಪಂದಕ್ಕೆ ಸಹಿ ಹಾಕಬೇಕಾಗಿ ಬಂದ ಅಂಬೇಡ್ಕರ್ ಅದನ್ನು ಪ್ರೀತಿ ಅಂತ ಓದಲಿಲ್ಲ. ನಾನೂ ಓದಲಾರೆ.

ಇಲ್ಲಿಗೆ ಮಾತು ನಿಲ್ಲಿಸಿ ಪ್ರಶ್ನೆಗಳಿಗೆ ಬಿಟ್ಟೆ.

ಒಬ್ಬ ವಿದ್ಯಾರ್ಥಿನಿ ಕೇಳಿದರು: “ಸಾರ್, ವಿರೋಧದ ದನಿ ಯಾವಾಗಲೂ ಇತ್ತು ಅಂದರೆ ತಪ್ಪು ಮಾಡಿದವರೆಲ್ಲ ಗೊತ್ತಿದ್ದೇ ಮಾಡಿದರು ಅಂತಲಾ?”

ಹಾಗಲ್ಲಮ್ಮ. ದನಿ ಇರುವುದು ಬೇರೆ, ಕೇಳಿಸುವುದು ಬೇರೆ. ಅರಿಸ್ಟಾಟಲನಿಗೆ ಕೇಳಿಸಿತ್ತು, ಅವನ ಮೇಲೆ ಹೊಣೆ ಹೆಚ್ಚು. ಹಳ್ಳಿಯ ಸಾಧಾರಣ ಒಡೆಯನ ಕಿವಿಗೆ ಅದು ಬಿದ್ದಿರಲಿಕ್ಕಿಲ್ಲ. ಆದರೆ ಅವನ ಮನೆಯಲ್ಲಿದ್ದ ಗುಲಾಮನಿಗೆ ಈ ಬಗ್ಗೆ ಒಂದು ಅಭಿಪ್ರಾಯ ಇದ್ದೇ ಇತ್ತಲ್ಲ? ಎಪಿಕ್ಟೆಟಸ್ ಗುಲಾಮನಾಗಿದ್ದವನು, ಆಮೇಲೆ ರೋಮನ್ ಜಗತ್ತಿನ ದೊಡ್ಡ ನೀತಿಗುರು ಆದ. ಅವನೂ ಏನೂ ಬರೆಯಲಿಲ್ಲ, ಆರಿಯನ್ ಎಂಬ ಶಿಷ್ಯ ಬರೆದಿಟ್ಟುಕೊಂಡದ್ದರಿಂದ ನಮಗೆ ಸಿಕ್ಕಿತು. ಅಂಥ ಶಿಷ್ಯ ಸಿಗದವರೇ ಹೆಚ್ಚು.

ಇನ್ನೊಬ್ಬರು ಸಿದ್ದಾಪುರದ ಕಡೆಯ ಬೆಳೆಗಾರರು. “ಮೇಷ್ಟ್ರೇ, ಪ್ರಾಣಿಗೆ ಯೋಚನೆ ಬರುತ್ತದಾ ಅಂತ ಕೇಳಬೇಡ, ನೋವಾಗುತ್ತದಾ ಅಂತ ಕೇಳು ಎಂದು ನಿಮ್ಮ ಬೆಂಥಮ್ ಹೇಳಿದ್ದಾನಂತೆ. ಅವನನ್ನು ಒಂದು ರಾತ್ರಿ ನಮ್ಮ ತೋಟದಲ್ಲಿ ಮಲಗಿಸಿ. ಹಲಸು ಹಣ್ಣಾದಾಗ ಆನೆ ಹಿಂಡು ಬರುತ್ತದೆ, ಆಮೇಲೆ ಮಾತಾಡೋಣ.”

ಸಭೆ ನಕ್ಕಿತು. ನಾನೂ ನಕ್ಕೆ. ಬೆಂಥಮ್ ಹೇಳಿದ್ದು ಹೌದು, ಆದರೆ ಅವನ ಲೆಕ್ಕ ಆನೆಯ ನೋವಿಗೇ ಮುಗಿಯುವುದಿಲ್ಲ. ಕಾಫಿ ಗಿಡ ಮುರಿದರೆ ನಷ್ಟ ನಿಮಗೆ, ನಿಜ. ಮುಂಜಾನೆ ಮಂಜಿನಲ್ಲಿ ಎದುರಿಗೆ ಹತ್ತು ಮಾರು ಕಾಣದಾಗ ಲೈನ್‌ಮನೆಯಿಂದ ಕೆಲಸಕ್ಕೆ ನಡೆದು ಬರುವವರು ಯಾರು? ಆನೆಗೆ ಮೊದಲು ಎದುರಾಗುವುದು ಅವರು. ಕಂದಕ, ಸೋಲಾರ್ ಬೇಲಿ, ರೈಲು ಕಂಬಿಯ ತಡೆಗೋಡೆ ಇದರ ಬಗ್ಗೆ ಸಭೆ ಮೇಲೆ ಸಭೆ ಆಗುತ್ತದೆ. ಅಲ್ಲಿ ಬೆಳೆಗಾರರು ಇರುತ್ತಾರೆ, ಅರಣ್ಯ ಇಲಾಖೆ ಇರುತ್ತದೆ, ಆನೆಯ ಪರವಾಗಿ ಮಾತಾಡುವವರೂ ಇರುತ್ತಾರೆ. ಬೇರೆ ತರಹದ ಚರ್ಚೆಯೂ ಇದೆ. ಕುಶಾಲನಗರ ದಾಟಿದರೆ ಬೈಲುಕುಪ್ಪೆ, ಅಲ್ಲಿಯ ಟಿಬೆಟಿಯನ್ ಬೌದ್ಧರ ಸೆರಾ ವಿಹಾರದ ಅಂಗಳದಲ್ಲಿ ಭಿಕ್ಷುಗಳು ಚರ್ಚೆ ಮಾಡುವುದನ್ನು ನೋಡಿ: ಕೇಳುವವನು ನಿಂತಿರುತ್ತಾನೆ, ಕಾಲು ನೆಲಕ್ಕೆ ಅಪ್ಪಳಿಸಿ, ಚಪ್ಪಾಳೆ ತಟ್ಟಿ ಪ್ರಶ್ನೆ ಎಸೆಯುತ್ತಾನೆ, ಕೂತವನು ಉತ್ತರಿಸಲೇಬೇಕು. ಅವರು ಓದುವ 8ನೇ ಶತಮಾನದ ಶಾಂತಿದೇವ ಒಂದು ಪ್ರಶ್ನೆ ಎತ್ತುತ್ತಾನೆ. ಇನ್ನೊಬ್ಬನ ನೋವು ನನ್ನದಲ್ಲ, ನಾನೇಕೆ ತಡೆಯಬೇಕು ಅನ್ನುವವನೇ, ಕಾಲಿನ ನೋವು ಕೈಯದ್ದಲ್ಲ, ಕೈ ಏಕೆ ಕಾಲನ್ನು ಕಾಪಾಡುತ್ತದೆ?

ನಾನು ಆ ಬೆಳೆಗಾರರಿಗೆ ಒಂದು ಸಣ್ಣ ಲೆಕ್ಕ ಕೊಟ್ಟೆ. ಮಂಜು ಕರಗುವ ತನಕ, ಆನೆ ಎಲ್ಲಿದೆ ಅಂತ ಗೊತ್ತಾಗುವ ತನಕ, ಬೆಳಗ್ಗೆ ಒಂದು ಗಂಟೆ ತಡವಾಗಿ ಕೆಲಸ ಶುರು ಮಾಡಿ, ಕೂಲಿ ಮುರಿಯಬೇಡಿ. ಅವರು ಸುಮ್ಮನಿರಲಿಲ್ಲ: “ನಾನು ಕೊಡಬಹುದು. ಪಕ್ಕದ ತೋಟದವರು ಕೊಡದೆ ಇದ್ದರೆ ನಾನೊಬ್ಬನೇ ಮುಳುಗುವುದಾ?”

ಇದು 1651ರಲ್ಲಿ ಥಾಮಸ್ ಹಾಬ್ಸ್ ಕೇಳಿದ ಪ್ರಶ್ನೆ. ಉಳಿದವರು ಯಾರೂ ನಡೆಸಿಕೊಡದಾಗ ತಾನೊಬ್ಬನೇ ಮಾತು ನಡೆಸುವವನು ಇತರರಿಗೆ ಬಲಿಯಾಗುತ್ತಾನೆ ಅಂದ, ಅದಕ್ಕೆ ಪರಿಹಾರವಾಗಿ ಎಲ್ಲರನ್ನೂ ಹೆದರಿಸಿ ಇಡುವ ಒಬ್ಬ ಪ್ರಭು ಬೇಕು ಅಂದ. ನಮಗೆ ಅಷ್ಟು ದೊಡ್ಡ ಪ್ರಭು ಬೇಡ. ಅಕ್ಕಪಕ್ಕದ ತೋಟದವರೆಲ್ಲ ಒಂದು ಕಡೆ ಕೂತು ಹೊತ್ತು ಗೊತ್ತುಮಾಡಿದರೆ ಆಯಿತು, ಕೂರುವಾಗ ಲೈನ್‌ಮನೆಯವರನ್ನೂ ಕರೆಯಿರಿ ಅಂದೆ. ಕರೆದರೆ ಅವರು ಬೇರೆ ಬೇರೆ ವಿಷಯ ಎತ್ತುತ್ತಾರಲ್ಲ ಅಂದರು. ಎತ್ತುತ್ತಾರೆ, ಮುಂಗಡದ ಲೆಕ್ಕವನ್ನೂ ಎತ್ತಿಯಾರು ಅಂದೆ.